100 ವ್ಯಾಟ್ ಬಲ್ಬಿಗೆ ಮೀಟರ್ 38 ಓಮ್ ತೋರಿಸುವುದೇಕೆ?

[ಮೇಜಿನ ಮೇಲೆ ಹಳೆಯ 100 ವ್ಯಾಟ್ ಬಲ್ಬ್, ಪಕ್ಕದಲ್ಲಿ ಮಲ್ಟಿಮೀಟರ್]

ನಮಸ್ಕಾರ. ಇದು ಒಬ್ಬ ಡಿಪ್ಲೊಮಾ ವಿದ್ಯಾರ್ಥಿ ಕೇಳಿದ ಪ್ರಶ್ನೆ. “ಸರ್, 100 ವ್ಯಾಟ್ ಬಲ್ಬಿಗೆ ಮೀಟರ್ ಹಿಡಿದರೆ 38 ಓಮ್ ಬರುತ್ತಿದೆ. ಲೆಕ್ಕ ಹಾಕಿದರೆ 529. ಮೀಟರ್ ಕೆಟ್ಟಿದೆಯಾ?”

ಲೆಕ್ಕವನ್ನು ಬೇಗ ನೋಡಿಬಿಡೋಣ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಪವರ್, ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ಎದುರಾಗುವ ಅಡ್ಡಿ. ಅದನ್ನು ಅಳೆಯುವುದು ಓಮಿನಲ್ಲಿ. ಮನೆಯಲ್ಲಿ 230 ವೋಲ್ಟ್. ಉರಿಯುವಾಗ ಈ ಬಲ್ಬ್ ಎಳೆಯುವ ಕರೆಂಟ್ 0.435 ಆಂಪಿಯರ್. ಗುಣಿಸಿ, 100 ವ್ಯಾಟ್. ಭಾಗಿಸಿ, 529 ಓಮ್. ಲೆಕ್ಕದಲ್ಲಿ ತಪ್ಪಿಲ್ಲ.

[ಕ್ಲೋಸಪ್]

ಈಗ ಮೀಟರ್. ಬಲ್ಬಿನ ಬುಡದಲ್ಲಿ ಬೂದು ಬಣ್ಣದ ಎರಡು ಬೆಸುಗೆ ಚುಕ್ಕೆಗಳಿವೆ ನೋಡಿ. ಒಂದಕ್ಕೆ ಕೆಂಪು ಪ್ರೋಬ್, ಇನ್ನೊಂದಕ್ಕೆ ಕಪ್ಪು. ಅಂಕಿ ಸ್ವಲ್ಪ ಓಲಾಡಿ ನಿಂತಿತು. 38. ಮೀಟರೂ ಸರಿಯಾಗಿಯೇ ಇದೆ!

ಹಾಗಾದರೆ ಬದಲಾದದ್ದು ಬಲ್ಬ್. ಈಗ ಒಳಗಿನ ಟಂಗ್‌ಸ್ಟನ್ ತಂತಿ ತಣ್ಣಗಿದೆ. ಉರಿಯುವಾಗ ಅದರ ತಾಪ ಸುಮಾರು 2,500 ಡಿಗ್ರಿ. ಕಬ್ಬಿಣ 1,538ಕ್ಕೇ ಕರಗಿಬಿಡುತ್ತದೆ! ಅಷ್ಟು ಕಾದಾಗ ತಂತಿಯ ಪರಮಾಣುಗಳು ಜೋರಾಗಿ ನಡುಗುತ್ತವೆ. ಎಲೆಕ್ಟ್ರಾನುಗಳಿಗೆ ದಾರಿ ಕಷ್ಟವಾಗುತ್ತದೆ. ರೋಧ ಸುಮಾರು 14 ಪಟ್ಟಾಗುತ್ತದೆ.

[ನೀರು ಕಾಯಿಸುವ ರಾಡ್ ಎತ್ತಿ ತೋರಿಸುವುದು]

ನನಗೆ ತುಂಬಾ ಇಷ್ಟವಾದ ವಿಷಯ ಇದು. ಈ ರಾಡ್ 1,500 ವ್ಯಾಟ್. ಮೀಟರ್ ಹಿಡಿದರೆ ಸುಮಾರು 35 ಓಮ್. ತಣ್ಣಗಿರುವಾಗ ಈ ಬಲ್ಬು, ಈ ರಾಡು ಹೆಚ್ಚುಕಡಿಮೆ ಒಂದೇ! ಅಂದರೆ ಸ್ವಿಚ್ ಹಾಕಿದ ಆ ಕ್ಷಣ ಬಲ್ಬ್ 6 ಆಂಪಿಯರ್ ಎಳೆಯುತ್ತದೆ, ಸುಮಾರು 1,390 ವ್ಯಾಟ್. ಕಣ್ಣು ಮಿಟುಕಿಸುವುದರೊಳಗೆ ತಂತಿ ಕಾದು 100ಕ್ಕೆ ಇಳಿಯುತ್ತದೆ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ‘ಟಪ್’ ಅಂತ ಹೋಗುತ್ತಿದ್ದವು, ನೆನಪಿದೆ ಅಲ್ವಾ? ತಂತಿ ಸವೆದು ತೆಳ್ಳಗಾದ ಜಾಗ ಆ ಹೊಡೆತ ತಾಳುವುದಿಲ್ಲ.

ರಾಡಿನೊಳಗಿರುವುದು ನೈಕ್ರೋಮ್ ತಂತಿ, ಅಂದರೆ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹ. ಕಾದರೂ ಅದರ ರೋಧ ಜಾಸ್ತಿ ಬದಲಾಗುವುದಿಲ್ಲ. ಹಾಗಾಗಿ ಅಲ್ಲಿ ಮೀಟರೂ ಲೆಕ್ಕವೂ ಹೊಂದುತ್ತವೆ.

ವೋಲ್ಟೇಜ್ ಎಷ್ಟು ಪಟ್ಟು ಏರಿದರೆ ಕರೆಂಟೂ ಅಷ್ಟೇ ಪಟ್ಟು ಏರುತ್ತದೆ ಎನ್ನುವ ಓಮ್ ನಿಯಮವನ್ನು ಬಾಯಿಪಾಠ ಮಾಡಿದಾಗ ‘ತಾಪ ಬದಲಾಗದೆ ಇದ್ದರೆ’ ಅಂತ ಒಂದು ಮಾತಿತ್ತು. ಮಾರ್ಕ್ಸಿಗೆ ಬರೆದು ಮುಂದೆ ಹೋಗುತ್ತೇವೆ. ಇಡೀ ಪಾಠದ ಜೀವ ಅಲ್ಲೇ ಇದೆ. ಒಂದು ಬಲ್ಬು, ಒಂದು ಮೀಟರ್ ಇಟ್ಟು ಪ್ರತಿ ಶಾಲೆಯಲ್ಲೂ ಇದನ್ನು ಮಕ್ಕಳಿಗೆ ತೋರಿಸಬೇಕು.

ಸಮಯ ಕಡಿಮೆ ಇದೆ, ಉಳಿದದ್ದು ಚುಟುಕಾಗಿ. ವೋಲ್ಟೇಜ್ 180ಕ್ಕೆ ಇಳಿದರೆ ಇದೇ ರಾಡ್ ಕೊಡುವುದು ಬರೀ 925 ವ್ಯಾಟ್. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿ ನೋಡಿ. ಎಲ್‌ಇಡಿ, ಪಂಪ್ ಮೋಟರುಗಳಿಗೆ ಈ ಲೆಕ್ಕ ಹೀಗೇ ನಡೆಯುವುದಿಲ್ಲ, ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ. ಮತ್ತೆ, ಓಮ್ ಅಳೆಯುವಾಗ ಪ್ಲಗ್ ತೆಗೆದಿರಲೇಬೇಕು.

ಈಗ ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ತಗೊಳ್ಳಿ. 1,000 ವ್ಯಾಟಿನದ್ದಾದರೆ ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳ ನಡುವೆ 53 ಓಮ್ ಆಸುಪಾಸು ಬರಬೇಕು. ಏನೂ ಬರಲಿಲ್ಲ ಅಂತ ಹೆದರಬೇಡಿ. ಮೊದಲು ನಾಬನ್ನು ‘ಕಾಟನ್’ ಕಡೆಗೆ ತಿರುಗಿಸಿ ನೋಡಿ.