ಓಡುವ ಮೋಟರಿನ ಬಲ ಕೇಳಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲೇ, ಕಂಪ್ಯೂಟರಿನ ಆಜ್ಞೆಯಂತೆ ಕೊರೆಯುವ ಸಿಎನ್‌ಸಿ ಯಂತ್ರ ಕಟ್ಟಲು ಹೊರಟಿರುವ ವಿದ್ಯಾರ್ಥಿಗಳು, ಬಡಗಿಗಳು, ಐಟಿಐ ಮೇಷ್ಟರು, ನಿವೃತ್ತಿಯ ನಂತರ ಕೈಗೆ ಕೆಲಸ ಬೇಕು ಎನ್ನುವ ಹಿರಿಯರು, ಇವರೆಲ್ಲ ಕೇಳುತ್ತಿದ್ದಾರೆ ಎಂದುಕೊಂಡು ಮಾತನಾಡುತ್ತೇನೆ. 1953ರಲ್ಲಿ ಎಚ್‌ಎಂಟಿ ಹುಟ್ಟಿದ ಊರು ನಮ್ಮ ಬೆಂಗಳೂರು. ಪೀಣ್ಯದಲ್ಲಿ ಚೌಕಟ್ಟು ಕೊರೆದು ಕೊಡುವವರಿದ್ದಾರೆ, ಮೋಟರಿನ ಸುತ್ತನ್ನು ನೇರ ಚಲನೆಯಾಗಿಸುವ ಬಾಲ್ ಸ್ಕ್ರೂ ಸಿಗುತ್ತದೆ, ಬೇರಿಂಗ್ ಸಿಗುತ್ತದೆ. ಅಲ್ಲಿಯವರೆಗೆ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಕೆಡುವುದು ಮೋಟರು ಆಯ್ಕೆ ಮಾಡುವಾಗ.

ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ನಿಂತವರು ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ಕೆ.ಜಿ. ಮೋಟರು?" ಅಂಗಡಿಯವರು 10 ಎನ್ನುತ್ತಾರೆ, 19 ಎನ್ನುತ್ತಾರೆ. ಕೆ.ಜಿ. ಸೆಂಟಿಮೀಟರ್ ಲೆಕ್ಕದ ಈ ಸಂಖ್ಯೆ ಹೋಲ್ಡಿಂಗ್ ಟಾರ್ಕ್. ಟಾರ್ಕ್ ಎಂದರೆ ತಿರುಗಿಸುವ ಬಲ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರಿಗೆ ಪೂರ್ತಿ ಕರೆಂಟು ಕೊಟ್ಟು ನಿಲ್ಲಿಸಿದಾಗ ಅದು ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದರ ಅಳತೆ. ಯಂತ್ರವನ್ನು ನಿಲ್ಲಿಸಿಡಲು ಯಾರೂ ಕಟ್ಟುವುದಿಲ್ಲವಲ್ಲ! ಆದ್ದರಿಂದ ನಿಂತ ಮೋಟರಿನ ಬಲ ಕೇಳಬೇಡಿ, ಓಡುವ ಮೋಟರಿನ ಬಲ ಕೇಳಿ. ಇಂದು ನಾನು ಹೇಳಬೇಕಾದದ್ದು ಇದೊಂದೇ.

ಸುಂಕದಕಟ್ಟೆಯಲ್ಲಿ ನನಗೆ ಪರಿಚಯದ ಬಡಗಿಯೊಬ್ಬರಿದ್ದಾರೆ. ತೇಗದ ಬಾಗಿಲಿಗೆ ಕೆತ್ತನೆ ಮಾಡುವುದು ಅವರ ಕಸುಬು. ಅವರ ಮಗ ಡಿಪ್ಲೊಮಾ ಮುಗಿಸಿ, ಅಪ್ಪನ ಮೊಣಕೈ ನೋವು ನೋಡಲಾರದೆ, ಶೆಡ್ಡಿನಲ್ಲೇ ಕೆತ್ತನೆಯ ಸಿಎನ್‌ಸಿ ಕಟ್ಟಿದ. ಬಹಳ ಅಚ್ಚುಕಟ್ಟಾದ ಕೆಲಸ. ಹಳಿಗಳು ಸಮಾನಾಂತರವಾಗಿದ್ದವು, ಸ್ಕ್ರೂ ಕೈಯಲ್ಲಿ ತಿರುಗಿಸಿದರೆ ನಯವಾಗಿ ತಿರುಗುತ್ತಿತ್ತು. ಮೋಟರು ಮಾತ್ರ ಅಂಗಡಿಯಲ್ಲಿದ್ದ ಅತಿ ದೊಡ್ಡದು, ನೇಮಾ 34 ಎಂಬ ಅಳತೆಯದ್ದು, 45 ಕೆ.ಜಿ.ಯದ್ದು. ಮರ ಗಟ್ಟಿ, ಆದ್ದರಿಂದ ಮೋಟರೂ ಗಟ್ಟಿಯಿರಲಿ ಎಂಬುದು ಅವನ ಲೆಕ್ಕ. ಅದಕ್ಕೆ 24 ವೋಲ್ಟಿನ ಪವರ್ ಸಪ್ಲೈ.

ಮೊದಲ ಬಾಗಿಲಿನಲ್ಲಿ ಎಡಗಡೆಯ ತಾವರೆ ಮುದ್ದಾಗಿ ಬಂತು. ಬಲಗಡೆಯ ನವಿಲು ತನ್ನ ಜಾಗ ಬಿಟ್ಟು ಬೆರಳಗಲ ಆಚೆ ಕುಳಿತಿತ್ತು. ಹುಡುಗ ಮರ ಕೊರೆಯುವ ಬಿಟ್ ಬದಲಾಯಿಸಿದ, ಸಾಫ್ಟ್‌ವೇರ್ ಬದಲಾಯಿಸಿದ, ಕೊನೆಗೆ ಮರದ ತೇವದ ಮೇಲೆ ತಪ್ಪು ಹೊರಿಸಿದ. ಅವನ ತಂದೆ ಫೋನ್ ಮಾಡಿ, "ಸ್ವಾಮಿ, ಗಿರಾಕಿಗಳು ಗೃಹಪ್ರವೇಶಕ್ಕೆ ದಿನ ಇಟ್ಟುಕೊಂಡಿದ್ದಾರೆ, ಒಮ್ಮೆ ಬಂದು ನೋಡಿ" ಎಂದರು.

ಹೋಗಿ ಸುಮ್ಮನೆ ನಿಂತು ಕೇಳಿಸಿಕೊಂಡೆ. ಮರ ಕೊರೆಯುವಾಗ ಯಂತ್ರದ ಸದ್ದು ಒಂದೇ ಸಮನಾಗಿತ್ತು. ತಾವರೆ ಮುಗಿಯಿತು, ಬಿಟ್ ಮೇಲೆದ್ದಿತು, ನವಿಲಿನ ಜಾಗಕ್ಕೆ ಖಾಲಿಯಾಗಿ ಓಡಿತು. ಆ ಓಟದ ನಡುವೆ ಮೋಟರು ಒಮ್ಮೆ ಗೊರ್ರೆಂದು ಮುಗ್ಗರಿಸಿ ಮತ್ತೆ ಹೊರಟಿತು. ಹುಡುಗನಿಗೆ ಅದು ಸದ್ದು ಎಂದೇ ಅನ್ನಿಸಿರಲಿಲ್ಲ, ಏಕೆಂದರೆ ಆಗ ಬಿಟ್ ಮರವನ್ನು ಮುಟ್ಟಿರಲೇ ಇಲ್ಲ. "ಸಾರ್, ಲೋಡೇ ಇಲ್ಲದಾಗ ಹೇಗೆ ಜಾರುತ್ತದೆ?" ಎಂದು ಕೇಳಿದ.

ಅಲ್ಲೇ ಜಾರುವುದು! ಖಾಲಿ ಓಟದ ವೇಗವನ್ನು ಅವನು ನಿಮಿಷಕ್ಕೆ 3000 ಮಿಲಿಮೀಟರ್ ಇಟ್ಟಿದ್ದ. ಸ್ಕ್ರೂ ಒಂದು ಸುತ್ತು ತಿರುಗಿದರೆ ಬಿಟ್ 5 ಮಿಲಿಮೀಟರ್ ಸಾಗುತ್ತದೆ, ಅಂದರೆ ನಿಮಿಷಕ್ಕೆ 600 ಸುತ್ತು. ಸ್ಟೆಪ್ಪರಿಗೆ ಸುತ್ತಿಗೆ 200 ಹೆಜ್ಜೆ. ಸೆಕೆಂಡಿಗೆ 2000 ಹೆಜ್ಜೆಯಾಯಿತು, ಒಂದೊಂದು ಹೆಜ್ಜೆಗೆ ಅರ್ಧ ಮಿಲಿಸೆಕೆಂಡ್. ಅಷ್ಟರೊಳಗೆ ಮೋಟರಿನೊಳಗಿನ ತಂತಿಯ ಸುರುಳಿಯಲ್ಲಿ ಕರೆಂಟು ಏರಬೇಕು. ಕರೆಂಟು ಥಟ್ಟನೆ ಏರದಂತೆ ತಡೆಯುವ ಸುರುಳಿಯ ಗುಣಕ್ಕೆ ಇಂಡಕ್ಟೆನ್ಸ್ ಎನ್ನುತ್ತಾರೆ. ಅವನ ಮೋಟರಿನ ಇಂಡಕ್ಟೆನ್ಸ್ 12 ಮಿಲಿಹೆನ್ರಿ, ಕರೆಂಟು 4 ಆಂಪಿಯರ್. 24 ವೋಲ್ಟಿನಲ್ಲಿ ಆ ಕರೆಂಟು ಪೂರ್ತಿ ಏರಲು 2 ಮಿಲಿಸೆಕೆಂಡ್ ಬೇಕು. ಮೆಜೆಸ್ಟಿಕ್‌ನಲ್ಲಿ ಜನ ಹತ್ತುವ ಮುನ್ನವೇ ಕಂಡಕ್ಟರ್ ಸೀಟಿ ಊದಿದಂತೆ, ಕರೆಂಟು ತುಂಬುವ ಮೊದಲೇ ಮುಂದಿನ ಹೆಜ್ಜೆ ಬಂದುಬಿಡುತ್ತದೆ. ಪೆಟ್ಟಿಗೆಯ ಮೇಲೆ 45 ಕೆ.ಜಿ. ಎಂದು ಬರೆದಿದ್ದರೂ ಆ ವೇಗದಲ್ಲಿ ಉಳಿದಿದ್ದ ಬಲ ಅದರ ಒಂದು ಚೂರು. ದೊಡ್ಡ ಮೋಟರಿನೊಳಗೆ ತಿರುಗುವ ರೋಟರೂ ಭಾರ, ಅದನ್ನು ವೇಗಕ್ಕೆ ತರಲೇ ಬಲ ಬೇಕು.

ಹೀಗೆ ಹೆಜ್ಜೆ ತಪ್ಪಿದ್ದು ನಿಯಂತ್ರಕಕ್ಕೆ ಗೊತ್ತಾಗುವುದೇ ಇಲ್ಲ. ಅದು ಹೆಜ್ಜೆ ಎಣಿಸಿ ಕಳುಹಿಸುತ್ತದೆ, ಮೋಟರು ತಲುಪಿತೇ ಎಂದು ತಿರುಗಿ ನೋಡುವುದಿಲ್ಲ. ತಾನು ಸರಿಯಾದ ಜಾಗದಲ್ಲೇ ಇದ್ದೇನೆ ಎಂದುಕೊಂಡು ನವಿಲನ್ನು ಕೊರೆಯುತ್ತದೆ.

ಅಂದು ಖಾಲಿ ಓಟವನ್ನು 1500ಕ್ಕೆ ಇಳಿಸಿದೆವು. ಅದೇ ಮೋಟರು, ಅದೇ ಸಾಫ್ಟ್‌ವೇರ್, ಅದೇ ಮರ. ಎರಡನೆಯ ಬಾಗಿಲಿನಲ್ಲಿ ನವಿಲು ತನ್ನ ಜಾಗದಲ್ಲೇ ಕುಳಿತಿತು, ಗೃಹಪ್ರವೇಶಕ್ಕೆ ಬಾಗಿಲು ಹೋಯಿತು. ಆಮೇಲೆ ಅವನು ಆ ದೊಡ್ಡ ಮೋಟರುಗಳನ್ನು ತೆಗೆದು ನೇಮಾ 23 ಹಾಕಿದ: 19 ಕೆ.ಜಿ., 3 ಆಂಪಿಯರ್, 2.5 ಮಿಲಿಹೆನ್ರಿ, ಜೊತೆಗೆ 36 ವೋಲ್ಟ್. ಇದರಲ್ಲಿ ಕರೆಂಟು ಏರಲು ಬೇಕಾದದ್ದು ಸುಮಾರು 0.2 ಮಿಲಿಸೆಕೆಂಡ್. ಈಗ ಅವನ ಯಂತ್ರ 3000ದಲ್ಲಿ ನಿರಾಯಾಸವಾಗಿ ಓಡುತ್ತದೆ. ಅರ್ಧಕ್ಕಿಂತ ಕಡಿಮೆ ಕೆ.ಜಿ.ಯ ಮೋಟರು, ಎರಡರಷ್ಟು ವೇಗ. ಓಡುವ ಮೋಟರಿನ ಬಲ ಕೇಳಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕತೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನೇಮಾ 17, 23, 34 ಎಂಬುವು ಶಕ್ತಿಯ ಸಂಖ್ಯೆಗಳಲ್ಲ. 23 ಎಂದರೆ ಮೋಟರಿನ ಮುಖ 2.3 ಇಂಚು ಚೌಕ, ಅಷ್ಟೇ. ಅಂಗಡಿಯಲ್ಲಿ ಟಾರ್ಕ್ ಮತ್ತು ವೇಗದ ನಕ್ಷೆ ಕೇಳಿ, ಅದು ಯಾವ ವೋಲ್ಟೇಜಿನಲ್ಲಿ ಬರೆದದ್ದು ಎಂದೂ ನೋಡಿ. ನಕ್ಷೆ ಇಲ್ಲವೆಂದರೆ ಇಂಡಕ್ಟೆನ್ಸ್ ಎಷ್ಟು ಎಂದು ಕೇಳಿ, 4 ಮಿಲಿಹೆನ್ರಿಗಿಂತ ಹೆಚ್ಚಿದ್ದರೆ ಬಿಟ್ಟುಬಿಡಿ. ಅದೂ ಗೊತ್ತಿಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗಿ, ಎಸ್.ಪಿ. ರಸ್ತೆಯಲ್ಲಿ ಅಂಗಡಿಗಳಿಗೆ ಬರವಿಲ್ಲ.

ಪವರ್ ಸಪ್ಲೈಯ ವೋಲ್ಟೇಜಿಗೆ ಒಂದು ರೂಢಿಯ ಲೆಕ್ಕವಿದೆ. ಮಿಲಿಹೆನ್ರಿಯ ವರ್ಗಮೂಲವನ್ನು 32ರಿಂದ ಗುಣಿಸಿ, ಅದು ಮೇಲ್ಮಿತಿ. 4 ಮಿಲಿಹೆನ್ರಿಗೆ 64 ವೋಲ್ಟ್. ಮೋಟರಿನ ಚೀಟಿಯಲ್ಲಿ 3 ವೋಲ್ಟ್ ಎಂದು ಬರೆದಿರುವುದನ್ನು ಕಂಡು ಹೆದರಬೇಡಿ, ಮೋಟರಿಗೆ ಕರೆಂಟು ಕೊಡುವ ಡ್ರೈವರ್ ಅದನ್ನು ಮಿತಿಯಲ್ಲಿ ಇಡುತ್ತದೆ. ಆದರೆ ಡ್ರೈವರಿನ ಮಿತಿಗೂ ಸ್ವಲ್ಪ ಜಾಗ ಬಿಡಿ. 50 ವೋಲ್ಟಿನ ಡ್ರೈವರಿಗೆ 48 ಬೇಡ, 36 ಸಾಕು. ಯಂತ್ರ ಥಟ್ಟನೆ ನಿಂತಾಗ ಮೋಟರಿನಿಂದ ವೋಲ್ಟೇಜು ಹಿಂದಕ್ಕೆ ಬರುತ್ತದೆ.

ತಲುಪಿದ ಜಾಗವನ್ನು ತಿರುಗಿ ನೋಡಿಕೊಳ್ಳುವ ಸರ್ವೊ ಮೋಟರು ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಣವಿದ್ದರೆ ಧಾರಾಳವಾಗಿ ಹಾಕಿ. ಮೊದಲ ಯಂತ್ರಕ್ಕೆ ಸರಿಯಾಗಿ ಆರಿಸಿದ ಸ್ಟೆಪ್ಪರ್ ಸಾಕು. ಮುಟ್ಟಲಾಗದಷ್ಟು ಬಿಸಿಯಾದರೂ ಗಾಬರಿಯಾಗಬೇಡಿ, ಮೈ 80 ಡಿಗ್ರಿಗೆ ಏರುವುದನ್ನು ಬಹುತೇಕ ಸ್ಟೆಪ್ಪರುಗಳು ತಡೆದುಕೊಳ್ಳುತ್ತವೆ. ಡ್ರೈವರಿಗೆ ವಿದ್ಯುತ್ ಹರಿಯುತ್ತಿರುವಾಗ ಮಾತ್ರ ಮೋಟರಿನ ತಂತಿಯನ್ನು ಎಂದಿಗೂ ಕೀಳಬೇಡಿ. ಡ್ರೈವರ್ ಆ ಕ್ಷಣವೇ ಸುಟ್ಟುಹೋಗಬಹುದು. ಸ್ವಿಚ್ ಆಫ್ ಮಾಡಿ, ಡ್ರೈವರಿನ ದೀಪ ನಂದುವವರೆಗೆ ಕಾಯ್ದು, ಆಮೇಲೆ ತಂತಿಗೆ ಕೈ ಹಾಕಿ. ನಮಸ್ಕಾರ.