ಯಾರವ್ವ ನೀನು? ಏನು ಬೇಕು ನಿಂಗೆ?

ನಮಸ್ಕಾರ. ಇವತ್ತು ದೆವ್ವದ ಸಿನಿಮಾಗಳ ಬಗ್ಗೆ ಮಾತಾಡೋಣ. ರಾತ್ರಿ ಒಬ್ಬರೇ ಕೂತು ಕೇಳುತ್ತಿದ್ದರೆ ಧೈರ್ಯವಾಗಿ ಕೇಳಿ, ನಡುವೆ ಯಾವ ಸದ್ದೂ ಹಾಕುವುದಿಲ್ಲ. ಸದ್ದು ಹಾಕಿ ಬೆಚ್ಚಿಬೀಳಿಸುವವರ ಮೇಲೆ ನನಗೆ ಸಿಟ್ಟಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನು ಕಣ್ಣಾರೆ ಕಂಡದ್ದು ಹೇಳಬೇಕು. ಆಗ ನಾನು ಆರನೇ ಕ್ಲಾಸು. ಗೌರಿ ಹಬ್ಬಕ್ಕೆ ಅಮ್ಮನ ಜೊತೆ ಅಜ್ಜಿ ಊರಿಗೆ ಹೋಗಿದ್ದೆ, ತಿಪಟೂರಿನ ಹತ್ತಿರ. ಹಬ್ಬ ಮುಗಿದು ಎರಡು ದಿನ ಆಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಪಕ್ಕದ ಮನೆ ಸೊಸೆಗೆ ಮೈಮೇಲೆ ಬಂದಿದೆ ಅಂತ ಯಾರೋ ಓಡಿ ಬಂದು ಹೇಳಿದರು. ಅಜ್ಜಿ ಎದ್ದು ಹೊರಟರು. ಅವರ ಸೆರಗು ಹಿಡಿದುಕೊಂಡು ನಾನೂ ಹೋದೆ.

ನಡುಮನೆಯ ಕಂಬಕ್ಕೆ ಒರಗಿ ಆಕೆ ಕೂತಿದ್ದಳು. ಕೂದಲು ಬಿಚ್ಚಿಹೋಗಿತ್ತು. ಮೈ ಒಂದೇ ಸಮ ತೂಗುತ್ತಿತ್ತು. ಗಂಟಲಿಂದ ಹೂಂ, ಹೂಂ ಅಂತ ಸದ್ದು. ಗಂಡಸರೆಲ್ಲ ಬಾಗಿಲ ಆಚೆ ನಿಂತಿದ್ದರು. ಹೊಡೆದು ಬಿಡಿಸೋಣ ಅಂತ ಒಬ್ಬರು ಬೇವಿನ ಬರಲು ತಂದಿದ್ದರು. ಅಜ್ಜಿ ಅದನ್ನು ಇಸಿದುಕೊಂಡು ಮೂಲೆಗೆ ಇಟ್ಟರು. ಆಕೆಯ ಎದುರಿಗೆ ಹೋಗಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ತುಂಬಾ ಮೆಲ್ಲಗೆ ಕೇಳಿದರು. "ಯಾರವ್ವ ನೀನು? ಏನು ಬೇಕು ನಿಂಗೆ?"

ಸ್ವಲ್ಪ ಹೊತ್ತು ಬರೀ ಏದುಸಿರು. ಆಮೇಲೆ ಒಂದು ದಪ್ಪ ದನಿ ಬಂತು. ಆಕೆಯ ದನಿ ಅದಲ್ಲ. "ಬಾಗಿನ ಬಂದಿಲ್ಲ. ಮೂರು ವರ್ಷ ಆಯ್ತು. ಯಾರೂ ಬಂದಿಲ್ಲ."

"ತರಿಸ್ತೀನಿ ಕಣವ್ವ, ಈಗ ನೀರು ಕುಡಿ" ಅಂದರು ಅಜ್ಜಿ.

ಮಾರನೇ ದಿನ ಬೆಳಿಗ್ಗೆಯೇ ನಮ್ಮ ಮಾವ ಲೂನಾ ಹತ್ತಿ ಆಕೆಯ ತವರಿಗೆ ಹೋದರು. ಮಧ್ಯಾಹ್ನಕ್ಕೆ ಆಕೆಯ ಅಣ್ಣ ಬಂದ. ಕೈಯಲ್ಲಿ ಮೊರದ ಬಾಗಿನ, ಒಂದು ಹಸಿರು ಸೀರೆ, ಒಂದು ಡಜನ್ ಬಳೆ. ಸಂಜೆ ಆಕೆ ಅಂಗಳದಲ್ಲಿ ಸುಮ್ನೆ ಕೂತು ಹೂ ಕಟ್ಟುತ್ತಿದ್ದಳು. ಬಳೆ ಸದ್ದು ನಮ್ಮ ಜಗಲಿವರೆಗೂ ಕೇಳುತ್ತಿತ್ತು.

ದೆವ್ವ ಇದೆಯೋ ಇಲ್ಲವೋ ಅಂತ ನನ್ನನ್ನು ಕೇಳಬೇಡಿ. ನನಗೆ ಮುಖ್ಯವಾದದ್ದು ಅಜ್ಜಿಯ ಆ ಪ್ರಶ್ನೆ. ಅಷ್ಟು ಜನ ಹೆದರಿ ನಿಂತಿದ್ದಾಗ ಹತ್ತಿರ ಹೋಗಿ ಕೂತು ಕೇಳಿದ ಪ್ರಶ್ನೆ. ಎಷ್ಟೋ ದೆವ್ವದ ಸಿನಿಮಾ ನೋಡಿದ್ದೇನೆ. ಆ ಪ್ರಶ್ನೆಯನ್ನು ಮನಸ್ಸಿಟ್ಟು ಕೇಳಿದ ಸಿನಿಮಾಗಳು ಮಾತ್ರ ನನ್ನ ಜೊತೆ ಉಳಿದಿವೆ. ಉಳಿದವು ಥಿಯೇಟರ್ ಪಾರ್ಕಿಂಗ್ ದಾಟುವಷ್ಟರಲ್ಲಿ ಮರೆತುಹೋಗಿವೆ.

ಕನ್ನಡದಲ್ಲಿ ದೆವ್ವದ ಸಿನಿಮಾ ಅಂದ ಕೂಡಲೇ ನಮ್ಮ ಮನೆಗಳಲ್ಲಿ ದೊಡ್ಡವರು ಹೇಳುವ ಹೆಸರು 'ನಾ ನಿನ್ನ ಬಿಡಲಾರೆ'. 1979ರದ್ದು. ಅನಂತ್ ನಾಗ್, ಲಕ್ಷ್ಮಿ. ಗಂಡಸಿನ ಮೈಯೊಳಗೆ ಕಾಮಿನಿ ಅನ್ನುವ ಹೆಣ್ಣು ದೆವ್ವ ಸೇರಿಕೊಳ್ಳುವ ಕಥೆ. ಆ ಕಾಲದಲ್ಲಿ ಗ್ರಾಫಿಕ್ಸ್ ಅಂತ ಏನೂ ಇರಲಿಲ್ಲ. ಇದ್ದದ್ದು ಅನಂತ್ ನಾಗ್ ಅವರ ಕಣ್ಣು ಮತ್ತು ಮೈ. ಅಷ್ಟು ಚಂದದ, ಮೆದು ಮಾತಿನ ಹುಡುಗ ಕತ್ತು ಸ್ವಲ್ಪ ವಾಲಿಸಿ ನೋಡಿದರೆ ಸಾಕು, ಅಲ್ಲಿ ಬೇರೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ. ಇವತ್ತು ನೋಡಿದರೂ ಗೊತ್ತಾಗುತ್ತದೆ. ನಮ್ಮಮ್ಮ ಈಗಲೂ ಆ ಸಿನಿಮಾದ ಹೆಸರು ಹೇಳುವುದಿಲ್ಲ, "ಆ ಕಾಮಿನಿ ಪಿಕ್ಚರ್" ಅಂತಾರೆ. ನೋಡಿ, ದೆವ್ವಕ್ಕೆ ಒಂದು ಹೆಸರಿದೆ. ನಲವತ್ತು ವರ್ಷ ಕಳೆದರೂ ಜನ ಆ ಹೆಸರು ಮರೆತಿಲ್ಲ.

ಅದೇ ಥರ ಮರೆಯದ ಇನ್ನೊಂದು ಹೆಸರು ನಾಗವಲ್ಲಿ. 2004ರ 'ಆಪ್ತಮಿತ್ರ'ದಲ್ಲಿ ಗಂಗಾ ಅನ್ನುವ ಹೆಣ್ಣು ತಾನೇ ನಾಗವಲ್ಲಿ ಅನ್ನುವ ಹಳೇ ಕಾಲದ ನರ್ತಕಿ ಅಂದುಕೊಂಡು ಆಡುತ್ತಾಳೆ. ಮೂಲ ಮಲಯಾಳಂದು, 1993ರ 'ಮಣಿಚಿತ್ರತಾಳ್', ಅಲ್ಲಿ ಶೋಭನಾ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ತೆಗೆದುಕೊಂಡರು. ಅದನ್ನು ನೋಡಿದ ಮೇಲೂ ನನಗೆ ಸೌಂದರ್ಯ ಅವರ ಗಂಗಾನೇ ಜಾಸ್ತಿ ಕಾಡುತ್ತಾಳೆ. ಅದಕ್ಕೆ ಒಂದು ಕಾರಣ ಸಿನಿಮಾದ ಆಚೆ ಇದೆ. ಆ ವರ್ಷ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಬಿದ್ದು ಸೌಂದರ್ಯ ತೀರಿಕೊಂಡರು. ಸಿನಿಮಾ ಬಿಡುಗಡೆ ಆದದ್ದು ಆಗಸ್ಟ್‌ನಲ್ಲಿ. ಅಂದರೆ ನಾವೆಲ್ಲ ಆ ಸಿನಿಮಾ ನೋಡುವಾಗ ಆಕೆ ಇರಲಿಲ್ಲ. 'ರಾ ರಾ' ಹಾಡು ಶುರುವಾದಾಗ ಥಿಯೇಟರಿನಲ್ಲಿ ಮೊದಲು ಸಿಳ್ಳೆ ಬಿತ್ತು. ಆಮೇಲೆ ನಿಧಾನಕ್ಕೆ ಎಲ್ಲರೂ ಸುಮ್ಮನಾದರು. ನನ್ನ ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಭಯ ಮತ್ತು ಅಳು ಒಟ್ಟಿಗೆ ಬಂದದ್ದು ನಾನು ಅವತ್ತೇ ಮೊದಲು ನೋಡಿದ್ದು.

'ಆಪ್ತಮಿತ್ರ'ದಲ್ಲಿ ವಿಷ್ಣುವರ್ಧನ್ ಮನೋವೈದ್ಯ, ಅವಿನಾಶ್ ಮಂತ್ರ ಬಲ್ಲ ಆಚಾರ್ಯ. ಗಂಗಾಳದ್ದು ಮನಸ್ಸಿನ ಕಾಯಿಲೆ ಅಂತ ಡಾಕ್ಟರಿಗೆ ಗೊತ್ತು. ಆದರೂ ಅವರು ಅವಳ ಎದುರು ನಿಂತು "ನೀನು ನಾಗವಲ್ಲಿ ಅಲ್ಲ, ಗಂಗಾ" ಅಂತ ವಾದ ಮಾಡುವುದಿಲ್ಲ. ಅಲ್ಲಿಯೂ ಅದೇ ಪ್ರಶ್ನೆ. ನಾಗವಲ್ಲಿ, ನಿನಗೆ ಏನು ಬೇಕು? ಅವಳಿಗೆ ರಾಜನ ಮೇಲೆ ಸೇಡು ತೀರಬೇಕು. ಸರಿ, ತೀರಿಸಿಕೋ ಅಂತ ಅದಕ್ಕೆ ಏರ್ಪಾಡು ಮಾಡುತ್ತಾರೆ, ಮನುಷ್ಯನ ಜಾಗಕ್ಕೆ ಬೊಂಬೆ ತಂದಿಟ್ಟು. ಎಲ್ಲರೂ ಆ ಹಾಡು, ಆ ಕುಣಿತ, ಆ ಕಣ್ಣು ನೆನಪಿಟ್ಟುಕೊಂಡಿದ್ದಾರೆ. ನನಗೆ ಇಷ್ಟ ಆಗುವುದು ಈ ಏರ್ಪಾಡು. ಯಾವುದೋ ಕಾಲದಲ್ಲಿ ಅನ್ಯಾಯವಾದ ಒಬ್ಬ ನರ್ತಕಿಯ ಸಿಟ್ಟನ್ನು ಆ ಮನೆಯ ಅಷ್ಟೂ ಜನ ನಿಂತು ನೋಡಬೇಕಾಗುತ್ತದೆ, ಅದು ತೀರುವ ತನಕ.

ಇಂಗ್ಲಿಷ್ ಸಿನಿಮಾಗಳು ಈ ವಿಷಯದಲ್ಲಿ ಬೇರೆ ದಾರಿ ಹಿಡಿಯುತ್ತವೆ. 'ದಿ ಕಾಂಜ್ಯೂರಿಂಗ್' ಎರಡನೇ ಭಾಗ ನೋಡಿದ್ದೀರಲ್ಲ, 2016ರದ್ದು? ಅಲ್ಲಿಯೂ ದೆವ್ವದ ಹೆಸರು ತಿಳಿಯುವುದು ತುಂಬಾ ಮುಖ್ಯ. ಆದರೆ ಆ ಹೆಸರು ಬೇಕಾಗಿರುವುದು ಅದನ್ನು ಓಡಿಸುವುದಕ್ಕೆ. ವಲಾಕ್ ಅಂತ ಹೆಸರು ಹಿಡಿದು ಕೂಗಿ ಅದನ್ನು ನರಕಕ್ಕೆ ಅಟ್ಟುತ್ತಾರೆ. ಅದು ಹೊರಗಿನಿಂದ ಬಂದ ಕೆಡುಕು, ಅದಕ್ಕೆ ದುಃಖ ಇಲ್ಲ. ತಪ್ಪೇನಿಲ್ಲ, ಅವರ ನಂಬಿಕೆ ಅವರದ್ದು. ನಮ್ಮ ದೆವ್ವಗಳು ಮಾತ್ರ ಹಾಗಲ್ಲ. ಅವು ಪಕ್ಕದ ಮನೆಯವು. ಅವಕ್ಕೆ ತವರಿದೆ, ಅಣ್ಣ ತಮ್ಮ ಇದ್ದಾರೆ, ಬಾಗಿನದ ಲೆಕ್ಕ ಇದೆ. ನಮ್ಮ ನಿರ್ದೇಶಕರು ಇದನ್ನು ಬಿಟ್ಟು ಶಿಲುಬೆ, ಗೊಂಬೆ, ಕ್ರೈಸ್ತ ಸನ್ಯಾಸಿನಿಯ ಉಡುಪು ಅಂತ ಎರವಲು ತಂದಾಗ ನನಗೆ ಬೇಜಾರಾಗುತ್ತದೆ. ಹಿತ್ತಲಲ್ಲಿ ಬಾವಿ ಇಟ್ಟುಕೊಂಡು ಪಕ್ಕದೂರಿಗೆ ನೀರಿಗೆ ಹೋದ ಹಾಗೆ.

ಬಾವಿ ಅಂದ ಕೂಡಲೇ ಜಪಾನಿನ 'ರಿಂಗು' ನೆನಪಾಯಿತು, 1998ರದ್ದು. ಅಲ್ಲಿ ಸಡಾಕೊ ಅನ್ನುವ ಹುಡುಗಿಯನ್ನು ಬಾವಿಗೆ ತಳ್ಳಿರುತ್ತಾರೆ. ನಾಯಕಿ ಬಾವಿಗೆ ಇಳಿದು ಆ ಮೂಳೆಗಳನ್ನು ಹುಡುಕಿ ಎದೆಗೆ ಅಪ್ಪಿಕೊಳ್ಳುತ್ತಾಳೆ. ಸರಿ, ಆಕೆಗೆ ಶಾಂತಿ ಸಿಕ್ಕಿತು ಅಂತ ನಾವೂ ಉಸಿರು ಬಿಡುತ್ತೇವೆ. ಆಮೇಲೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ಕೆಲವು ಸಿಟ್ಟು ಒಂದು ಸಲ ಕೇಳಿದ ಮಾತ್ರಕ್ಕೆ ಇಳಿಯುವುದಿಲ್ಲ.

ಇನ್ನು ಸದ್ದಿನ ವಿಷಯ. ಬೆಚ್ಚುವುದು ಬೇರೆ, ಹೆದರುವುದು ಬೇರೆ. ಬಾಗಿಲ ಹಿಂದೆ ನಿಂತು ಮಗು ಭೋ ಅಂದರೂ ನಾವು ಬೆಚ್ಚುತ್ತೇವೆ. ಅದಕ್ಕೆ ಸಿನಿಮಾ ಯಾಕೆ ಬೇಕು? ಹೋದ ವರ್ಷ ಒಂದು ಹೊಸ ಸಿನಿಮಾಗೆ ಹೋಗಿದ್ದೆ. ಎರಡು ಗಂಟೆ ಕಿವಿ ಮುಚ್ಚಿಕೊಂಡೇ ಕೂತಿದ್ದೆ. ಕನ್ನಡಿಯಲ್ಲಿ ಮುಖ, ಢಮ್. ಬೆಕ್ಕು ಹಾರಿತು, ಢಮ್. ಫೋನ್ ರಿಂಗ್ ಆಯಿತು, ಅದಕ್ಕೂ ಢಮ್. ಹೊರಗೆ ಬಂದಾಗ ತಲೆನೋವು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಅದೇ 2018ರ 'ಎ ಕ್ವೈಟ್ ಪ್ಲೇಸ್' ನೋಡಿದ ದಿನ, ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಜನ ಪಾಪ್‌ಕಾರ್ನ್ ತಿನ್ನುವುದನ್ನೇ ನಿಲ್ಲಿಸಿದ್ದರು. ಕವರಿನ ಪರಪರ ಸದ್ದು ಮಾಡುವುದಕ್ಕೂ ಯಾರಿಗೂ ಧೈರ್ಯ ಇರಲಿಲ್ಲ. ಸದ್ದು ಕಿತ್ತುಕೊಂಡು ಹೆದರಿಸಿದ ಸಿನಿಮಾ ಅದು.

ಬೆಂಗಳೂರಿನವರಿಗೆ 'ನಾಳೆ ಬಾ' ನೆನಪಿದೆ ಅಲ್ವಾ? 90ರ ದಶಕದಲ್ಲಿ ಎಷ್ಟೋ ಬೀದಿಗಳಲ್ಲಿ ಬಾಗಿಲ ಮೇಲೆ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ರಾತ್ರಿ ಒಂದು ದೆವ್ವ ಬಂದು ಮನೆಯವರದ್ದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬರೆದದ್ದನ್ನು ಓದಿ ವಾಪಸ್ ಹೋಗುತ್ತದೆ, ನಾಳೆ ಬರುತ್ತದೆ, ಮತ್ತೆ ಓದುತ್ತದೆ. ನಮ್ಮ ಗೋಡೆ ಮೇಲಿದ್ದ ಈ ಕಥೆ ಹಿಂದಿಯಲ್ಲಿ 'ಸ್ತ್ರೀ' ಆಯಿತು, 2018ರಲ್ಲಿ, ಮಧ್ಯಪ್ರದೇಶದ ಚಂದೇರಿಯ ಕಥೆಯಾಗಿ. ಅಲ್ಲಿ ಗೋಡೆ ಮೇಲೆ "ಓ ಸ್ತ್ರೀ ಕಲ್ ಆನಾ". ಆದರೆ ಆ ಸಿನಿಮಾ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇವಳು ಯಾರು, ಇವಳಿಗೆ ಊರು ಏನು ಮಾಡಿತ್ತು ಅಂತ ಕೇಳುತ್ತದೆ. ಕೊನೆಗೆ ಊರವರು ಅವಳ ಪ್ರತಿಮೆ ನಿಲ್ಲಿಸಿ ಕೆಳಗೆ "ಓ ಸ್ತ್ರೀ, ರಕ್ಷಾ ಕರ್ನಾ" ಅಂತ ಬರೆಯುತ್ತಾರೆ. ನಾಳೆ ಬಾ ಅಂತ ಸಾಗಹಾಕುತ್ತಿದ್ದವರು ನಮ್ಮನ್ನು ಕಾಪಾಡು ಅಂತ ಕೇಳಿಕೊಳ್ಳುತ್ತಾರೆ. ನಗಿಸುತ್ತಾ ಹೋದ ಸಿನಿಮಾ ಅಲ್ಲಿ ನನ್ನ ಗಂಟಲು ಕಟ್ಟಿಸಿತು.

ಪವನ್ ಕುಮಾರ್ ಅವರ 'ಯು ಟರ್ನ್' ಬಂದದ್ದು 2016ರಲ್ಲಿ. ಪಾಳು ಬಂಗಲೆ ಇಲ್ಲ, ಅಮಾವಾಸ್ಯೆ ಇಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಇದೆ, ದಿನಾ ಸಾವಿರಾರು ಜನ ಓಡಾಡುವ ಜಾಗ. ಅಲ್ಲಿ ನಡುವೆ ಸಾಲಾಗಿ ಇಟ್ಟಿರುವ ಕಲ್ಲುಗಳನ್ನು ಬೈಕಿನವರು ಸರಿಸಿ ಯು ಟರ್ನ್ ತೆಗೆದುಕೊಳ್ಳುತ್ತಾರೆ. ಕೆಳಗಿನವರೆಗೂ ಹೋಗಿ ತಿರುಗಿಕೊಂಡು ಬರುವ ನಾಲ್ಕು ನಿಮಿಷ ಉಳಿಸುವುದಕ್ಕೆ. ಸರಿಸಿದ ಕಲ್ಲನ್ನು ಯಾರೂ ವಾಪಸ್ ಇಡುವುದಿಲ್ಲ. ಹಿಂದೆ ಬರುವವರ ಗತಿ? ಶ್ರದ್ಧಾ ಶ್ರೀನಾಥ್ ಅಭಿನಯದ ರಚನಾ ಪತ್ರಿಕೆಯ ಇಂಟರ್ನ್, ಇದರ ಬಗ್ಗೆ ಲೇಖನ ಬರೆಯುವುದಕ್ಕೆ ಹೊರಟಾಗ ಗೊತ್ತಾಗುತ್ತದೆ, ಹಾಗೆ ತಿರುಗಿದವರು ಒಬ್ಬೊಬ್ಬರೇ ಸಾಯುತ್ತಿದ್ದಾರೆ. ಆ ದೆವ್ವ ಯಾರು, ಅದಕ್ಕೆ ಏನು ಬೇಕು ಅಂತ ತಿಳಿದಾಗ ನನಗೆ ಹೆದರಿಕೆ ಆದದ್ದು ದೆವ್ವದ ಬಗ್ಗೆ ಅಲ್ಲ. ನಾನೂ ಒಂದು ಸಲ, ಬೇರೆ ರಸ್ತೆಯಲ್ಲಿ, ಅಂಥದ್ದೇ ಒಂದು ಕಲ್ಲು ಸರಿಸಿದ್ದೆ. ಸಿನಿಮಾ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಆ ಕಲ್ಲನ್ನು ಆಮೇಲೆ ಯಾರಾದರೂ ಸರಿಯಾಗಿ ಇಟ್ಟರಾ ಅಂತ ಯೋಚಿಸುತ್ತಾ ಮಲಗಿದ್ದೆ.

ಹೊಸದರಲ್ಲಿ 2024ರ ಮಲಯಾಳಂನ 'ಭ್ರಮಯುಗಂ' ತಪ್ಪದೆ ನೋಡಿ. ಮಮ್ಮುಟ್ಟಿ, ಪೂರ್ತಿ ಕಪ್ಪು ಬಿಳುಪು, ಕೈಬೆರಳೆಣಿಕೆಯ ಪಾತ್ರಗಳು. ಓಡಿ ಬಂದ ಒಬ್ಬ ಬಡ ಹಾಡುಗಾರ ಒಂದು ಪಾಳು ಮನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಅಲ್ಲಿ ಕಾಡುವವನು ಯಜಮಾನ. ಪಗಡೆಯಲ್ಲಿ ಅವನು ಗೆಲ್ಲುವುದು ಇನ್ನೊಬ್ಬನ ಬದುಕಿನ ಸಮಯವನ್ನು. ಮೊಬೈಲಿನಲ್ಲಿ ನೋಡಬೇಡಿ, ದೊಡ್ಡ ಟಿವಿಯಲ್ಲಿ ದೀಪ ಆರಿಸಿ ನೋಡಿ.

ಕೊನೆಯದಾಗಿ 2025ರ 'ಸು ಫ್ರಮ್ ಸೋ'. ಅಂದರೆ ಸೋಮೇಶ್ವರದ ಸುಲೋಚನಾ. ಕರಾವಳಿಯ ಒಂದು ಊರು. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹುಡುಗ ಅಶೋಕ ದೆವ್ವ ಮೆಟ್ಟಿದವನ ಹಾಗೆ ಆಡುತ್ತಾನೆ, ಊರು ನಂಬಿಬಿಡುತ್ತದೆ. ನಿರ್ದೇಶಕ ಜೆ.ಪಿ. ತುಮಿನಾಡು ಅವರೇ ಆ ಪಾತ್ರ ಮಾಡಿದ್ದಾರೆ. ಥಿಯೇಟರಿನಲ್ಲಿ ಜನ ಬಿದ್ದು ಬಿದ್ದು ನಕ್ಕರು. ಆದರೆ ಊರವರು "ಯಾರು ನೀನು" ಅಂತ ಕೇಳಿದ ಆ ಒಂದು ಪ್ರಶ್ನೆಗೆ ಸುಮ್ನೆ ಬಾಯಿಗೆ ಬಂದ ಹೆಸರು ಸುಲೋಚನಾ, ನಿಜವಾಗಿ ಇದ್ದ ಒಬ್ಬ ಹೆಂಗಸಿನ ಮನೆ ಬಾಗಿಲಿಗೆ ಅಶೋಕನನ್ನು ತಂದು ನಿಲ್ಲಿಸುತ್ತದೆ. ಅಲ್ಲಿ ಆಕೆಯ ಮಗಳು ಭಾನು ಇದ್ದಾಳೆ, ಜೀವಂತ ಇದ್ದಾಳೆ, ಕಷ್ಟದಲ್ಲಿದ್ದಾಳೆ. ಸುಳ್ಳು ದೆವ್ವದ ನೆಪದಲ್ಲಿ ನಿಜವಾದ ಹೆಣ್ಣಿನ ಕಷ್ಟ ಊರಿಗೆ ಕೇಳಿಸುತ್ತದೆ.

ಆ ಸಿನಿಮಾಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಭಾನು ಬಂದ ಮೇಲೆ ಅಮ್ಮ ನಗುವುದನ್ನು ನಿಲ್ಲಿಸಿದರು. ಮನೆಗೆ ಬರುವಾಗ ಆಟೋದಲ್ಲಿ ಕೇಳಿದರು, "ಊರಲ್ಲಿ ಮೈಮೇಲೆ ಬರ್ತಿತ್ತಲ್ಲ, ಆ ಹುಡುಗಿ ನೆನಪಿದ್ದಾಳಾ ನಿಂಗೆ?"

"ಬಾಗಿನ ಬಂದ ಮೇಲೆ ಸರಿ ಹೋದಳಲ್ವಾ" ಅಂದೆ.

"ಎಲ್ಲಿ ಸರಿ ಹೋದಳು?" ಅಂದರು ಅಮ್ಮ. "ಎರಡು ವರ್ಷಕ್ಕೆ ಅವಳಣ್ಣ ಮತ್ತೆ ಮರೆತ. ಹಬ್ಬ ಮುಗಿದ ಮಾರನೇ ದಿನವೇ ಮತ್ತೆ ಮೈಮೇಲೆ ಬಂತು. ಅಜ್ಜಿ ಮತ್ತೆ ಹೋಗಿ ಕೂತ್ಕೊಂಡ್ರು, ಮತ್ತೆ ಕೇಳಿದ್ರು. ಮಾವ ಮತ್ತೆ ಲೂನಾ ತಗೊಂಡು ಹೋದ."