ಕಪ್ಪು ಅಂದರೆ ಬರೀ ಮೈಬಣ್ಣವಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಟ್ಟವರಿಗೂ, ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೂ ನಮಸ್ಕಾರ.

ಇವತ್ತಿನ ವಿಷಯ ಕಪ್ಪು ರಾಷ್ಟ್ರೀಯತೆ. ಅಂದರೆ, ಕಪ್ಪು ಜನ ತಮ್ಮದೇ ಸಂಘ, ವ್ಯಾಪಾರ, ಸರ್ಕಾರ ಕಟ್ಟಿಕೊಂಡು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎನ್ನುವ ವಿಚಾರ. ಈ ಮಾತೆತ್ತಿದರೆ ಸಾಕು, "ಅದು ಬಿಳಿಯರ ಮೇಲಿನ ದ್ವೇಷ ಅಲ್ವಾ ಸಾರ್?" ಅಂತಾರೆ. ಅಲ್ಲ. ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಇಲ್ಲಿ ಕಪ್ಪು ಅಂದರೆ ಬರೀ ಮೈಬಣ್ಣವಲ್ಲ.

ಕೆರಿಬಿಯನ್ ಸಮುದ್ರದ ಹೈಟಿಯನ್ನೇ ನೋಡಿ. ಗುಲಾಮರೇ ಫ್ರೆಂಚರನ್ನು ಸೋಲಿಸಿ 1804ರಲ್ಲಿ ಕಟ್ಟಿಕೊಂಡ ದೇಶ. ಅದರ 1805ರ ಸಂವಿಧಾನ ಪ್ರಜೆಗಳೆಲ್ಲರನ್ನೂ ಕಪ್ಪು ಜನ ಎಂದೇ ಕರೆಯಿತು. ಅಲ್ಲಿ ನೆಲೆನಿಂತ ಪೋಲೆಂಡಿನ ಬಿಳಿಯರೂ ಕಾನೂನಿನ ಪ್ರಕಾರ ಕಪ್ಪು ಜನರೇ!

ಈಗ ನನಗೆ ತುಂಬಾ ಇಷ್ಟವಾದ ಕಥೆ. ಜಮೈಕಾದ ಮಾರ್ಕಸ್ ಗಾರ್ವಿ ಮುದ್ರಣದ ಕೆಲಸ ಕಲಿತವರು. 1919ರಲ್ಲಿ ನ್ಯೂಯಾರ್ಕಿನಲ್ಲಿ ಬ್ಲ್ಯಾಕ್ ಸ್ಟಾರ್ ಲೈನ್ ಎಂಬ ಹಡಗು ಕಂಪನಿ ತೆರೆದರು. ಒಂದು ಷೇರಿಗೆ 5 ಡಾಲರ್. ಕೊಂಡವರು ಯಾರು ಗೊತ್ತೇ? ಬಟ್ಟೆ ಒಗೆಯುವವರು, ಮನೆಗೆಲಸದವರು, ಕೂಲಿಗಳು. ಮೊದಲ ಹಡಗು ಯಾರ್ಮತ್. ಕಟ್ಟಿದ್ದು 1887ರಲ್ಲಿ, ಗಾರ್ವಿ ಹುಟ್ಟಿದ ವರ್ಷವೇ. ಕಲ್ಲಿದ್ದಲು ಹೊತ್ತು ಸವೆದಿದ್ದ ಆ ಹಳೇ ಹಡಗಿಗೆ ಸುರಿದದ್ದು 1,65,000 ಡಾಲರ್! ವಿಸ್ಕಿ ತುಂಬಿಕೊಂಡು ಹೊರಟರೆ ದಾರಿಯಲ್ಲೇ ನೀರು ನುಗ್ಗಿತು, ಒಂದಿಷ್ಟು ಸರಕನ್ನು ಸಮುದ್ರಕ್ಕೆ ಎಸೆಯಬೇಕಾಯಿತು. ಆದರೂ ಕ್ಯೂಬಾದ ಹವಾನಾ ತಲುಪಿದಾಗ ಜನ ದೋಣಿಗಳಲ್ಲಿ ಎದುರು ಬಂದು ಹೂವು, ಹಣ್ಣು ಎಸೆದರು. ತಮ್ಮದೇ ಜನರ ಹಡಗು, ಅದಕ್ಕೆ ತಮ್ಮವನೇ ಕ್ಯಾಪ್ಟನ್! ಅದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. 1922ರಲ್ಲಿ ಕಂಪನಿ ಮುಳುಗಿತು. ಗಾರ್ವಿ ಜೈಲು ಸೇರಿದರು, 1927ರಲ್ಲಿ ಅಮೆರಿಕದಿಂದ ಗಡೀಪಾರಾದರು.

ಕಂಪನಿಯ ಹೆಸರಿನಲ್ಲಿದ್ದ ಆ ಕಪ್ಪು ನಕ್ಷತ್ರ ಮಾತ್ರ ಮುಳುಗಲಿಲ್ಲ. 1957ರಲ್ಲಿ ಸ್ವತಂತ್ರವಾದ, ಪಶ್ಚಿಮ ಆಫ್ರಿಕಾದ ಘಾನಾದ ಬಾವುಟದ ನಡುವೆ ಬಂದು ಕೂತಿತು. ಫುಟ್‌ಬಾಲ್ ನೋಡುವವರಿಗೆ ಗೊತ್ತಿರುತ್ತದೆ, ಅವರ ತಂಡದ ಹೆಸರೂ ಬ್ಲ್ಯಾಕ್ ಸ್ಟಾರ್ಸ್. ಅಮೆರಿಕದಲ್ಲಿ ಕಪ್ಪು ಎಂದರೆ ಆಫ್ರಿಕಾ ಮೂಲದವರು. ಘಾನಾದಲ್ಲಿ ಅದೇ ಕಪ್ಪು ಸ್ವಂತ ಸರ್ಕಾರದ ಗುರುತಾಯಿತು.

ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಬಗ್ಗೆ ಹೇಳಬೇಕಿತ್ತು, ಹಡಗೇ ಅರ್ಧ ಸಮಯ ತಿಂದಿತು. ಆದರೆ ದಕ್ಷಿಣ ಆಫ್ರಿಕಾವನ್ನು ಬಿಡಲಾರೆ. 1969ರ ಹೊತ್ತಿಗೆ ಸ್ಟೀವ್ ಬೀಕೊ ಮತ್ತು ಗೆಳೆಯರು ಒಂದು ವಿದ್ಯಾರ್ಥಿ ಸಂಘ ಕಟ್ಟಿದರು. ಬಿಳಿಯರ ಸರ್ಕಾರ ಇವರನ್ನು 'ಬಿಳಿಯರಲ್ಲದವರು' ಎನ್ನುತ್ತಿತ್ತು. 'ಅಲ್ಲದವರು' ಅಂತೇಕೆ ಕರೆಸಿಕೊಳ್ಳಬೇಕು? ನಾವು ಕಪ್ಪು ಜನ, ಎಂದರು. ವರ್ಣಭೇದದ ಕಾನೂನು ಯಾರನ್ನೆಲ್ಲ ತುಳಿಯಿತೋ ಅವರೆಲ್ಲ ಕಪ್ಪು ಜನ. ಕಬ್ಬಿನ ತೋಟಗಳಿಗೆ ನಮ್ಮ ದೇಶದಿಂದ ಹಡಗು ಹತ್ತಿ ಹೋದವರ ಮೊಮ್ಮಕ್ಕಳು ಡರ್ಬನ್‌ನಲ್ಲಿ ಆ ಸಂಘ ಸೇರಿದರು, ಜೈಲಿಗೂ ಹೋದರು, ಕಪ್ಪು ಜನ ಎಂದೇ ಹೇಳಿಕೊಂಡು.